ಬೊಳ್ಳಿ ಹೊತ್ತ ನಾಲ್ಕು ಪೆಟ್ಟಿಗೆ

ಕಳೆದ ತಿಂಗಳು ಕಲ್ಲಡ್ಕದಲ್ಲಿ ಹೆಂಡತಿಯ ಕಡೆಯವರ ಒಂದು ಮದುವೆ. ಮದುಮಗ ಕುದುರೆ ಏರಿ ಬರುವ ಹೊಸ ಶೋಕಿ ಈಗ ನಮ್ಮ ಕಡೆಗೂ ಬಂದಿದೆ. ಮದುವೆ ಮಂಟಪದ ಎದುರು ಬಿಳಿ ಕುದುರೆಯೊಂದು ನಿಂತಿತ್ತು. ಬೆನ್ನಿಗೆ ಜರಿಯ ಬಟ್ಟೆ, ನೆತ್ತಿಗೆ ಬಣ್ಣದ ಗರಿ. ವೀಡಿಯೋದವನು ನಗಿ ನಗಿ ಎಂದು ಹೇಳುತ್ತಿದ್ದರೆ ಮದುಮಗ ಜೀನನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತಿದ್ದ, ಪಾಪ. ಕಾರು ನಿಲ್ಲಿಸಿ ಬರುತ್ತಿದ್ದ ನಾನು ಕುದುರೆಯ ಪಕ್ಕದಲ್ಲೇ ಹಾದೆ. ಬೆವರಿದ ಮೈ, ಹಳೆಯ ಚರ್ಮದ ಪಟ್ಟಿ, ಜೀನಿನ ಕೆಳಗಿನ ಒದ್ದೆ ಕಂಬಳಿ, ಮೂರೂ ಕಲಸಿದ ಒಂದು ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು.

ಕಾಲು ನಿಂತರೆ ಕೈ ಸುಮ್ಮನಿರಬೇಕಲ್ಲ. ಹೊಟ್ಟೆಪಟ್ಟಿಯ ಕೆಳಗೆ ಬೆರಳು ತೂರಿಸಿದೆ. ಎರಡು ಬೆರಳು ಮಾತ್ರ ಹೋಗಬೇಕಾದಲ್ಲಿ ಇಡೀ ಅಂಗೈ ಹೋಯಿತು. ಕುದುರೆಯವನನ್ನು ಕರೆದು, ಮದುಮಗನನ್ನು ಇಳಿಸಿ, ಪಟ್ಟಿ ಬಿಚ್ಚಿ ನಾನೇ ಮತ್ತೆ ಬಿಗಿದೆ. ಹೆಂಡತಿ ಶಾರದಾ ಸೀರೆಯ ನೆರಿಗೆ ಎತ್ತಿಕೊಂಡು ಬಂದು, ನೀವು ಬಂದದ್ದು ಮದುವೆಗಾ ಕುದುರೆಗಾ ಎಂದು ಎಲ್ಲರೆದುರೇ ಕೇಳಿದಳು. ಇನ್ನು ಹತ್ತು ಹೆಜ್ಜೆ ಹೋಗಿದ್ದರೆ ಮದುಮಗ ಕುದುರೆಯ ಹೊಟ್ಟೆಯ ಕೆಳಗೆ ನೇತಾಡುತ್ತಿದ್ದ ಎಂದು ನಾನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಊಟಕ್ಕೆ ಕೂತಾಗ, ಸಾಬೂನು ಹಾಕಿ ತೊಳೆದ ಕೈಯಲ್ಲೂ ಆ ವಾಸನೆ ಸ್ವಲ್ಪ ಉಳಿದಿತ್ತು. ಹೋಳಿಗೆಯನ್ನು ಎಡಗೈಯಲ್ಲಿ ಮುಟ್ಟುವಂತಿರಲಿಲ್ಲ, ಬಲಗೈಯ ವಾಸನೆಯಲ್ಲಿ ಸೈನ್ಯದ ದಿನಗಳ ನನ್ನ ಹೇಸರಗತ್ತೆ ಬೊಳ್ಳಿ ಇದ್ದಳು. ಪಾಯಸ ಬಂದದ್ದು, ಮುಗಿದದ್ದು ನನಗೆ ಗೊತ್ತಾಗಲಿಲ್ಲ.

ನಾನು ಬೆಳುವಾಯಿಯವನು, ಹೆಸರು ಸಂಜೀವ. ಹದಿನೇಳು ವರ್ಷ ಸೈನ್ಯದಲ್ಲಿದ್ದೆ. ಮಿಲಿಟರಿಯವನು ಎಂದ ತಕ್ಷಣ ಊರವರ ಕಣ್ಣೆದುರು ಬಂದೂಕು ಬರುತ್ತದೆ. ನನ್ನ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಹಗ್ಗ. ತರಬೇತಿಯ ಕಾಲದಲ್ಲಿ ಒಬ್ಬ ಅಧಿಕಾರಿ, ಮನೆಯಲ್ಲಿ ಪ್ರಾಣಿ ಸಾಕಿ ಗೊತ್ತಿರುವವರು ಯಾರು ಎಂದು ಕೇಳಿದ್ದರು. ಅಪ್ಪನ ಉಳುವ ಕೋಣಗಳನ್ನು ನೆನೆದು ನಾನು ಕೈ ಎತ್ತಿದೆ. ಎತ್ತಿದ ಕೈಗೆ ಹೇಸರಗತ್ತೆಯ ಹಗ್ಗ ಕೊಟ್ಟರು. ಮೊದಲ ವಾರ ಅವಮಾನವಾಯಿತು. ಎರಡನೆಯ ವಾರ ಒದೆ ತಿಂದೆ. ಮೂರನೆಯ ತಿಂಗಳಿಗೆ ಈ ಕೆಲಸದಲ್ಲಿ ನನ್ನಷ್ಟು ಚುರುಕಿನವನು ಕಂಪನಿಯಲ್ಲಿ ಬೇರೆ ಇಲ್ಲ ಎಂದು ನನಗೆ ಗೊತ್ತಾಗಿತ್ತು. ಇದನ್ನು ಜಂಬವೆಂದು ಯಾರು ಬೇಕಾದರೂ ಹೇಳಲಿ, ವಿಷಯ ನಿಜ.

ನಾನು ಹೇಳುತ್ತಿರುವುದು ಕಾರ್ಗಿಲ್ ಯುದ್ಧದ ಬೇಸಿಗೆಯ ಮಾತು. ಜೂನ್ ತಿಂಗಳು. ಮೂಡಬಿದ್ರೆಯಲ್ಲಿ ಮಕ್ಕಳು ಹೊಸ ಕೊಡೆ ಹಿಡಿದು ಶಾಲೆಗೆ ಹೊರಡುವ ಹೊತ್ತಿಗೆ ನಾವು ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟಗಳ ನಡುವೆ ಇದ್ದೆವು. ಅಲ್ಲಿನ ಬಿಸಿಲಿಗೆ ಮುಖ ಸುಟ್ಟು ಸಿಪ್ಪೆ ಏಳುತ್ತಿತ್ತು, ನೆರಳಿಗೆ ಸರಿದರೆ ಬೆರಳು ಮರಗಟ್ಟುತ್ತಿತ್ತು. ನಾಲ್ಕು ಹೆಜ್ಜೆ ಹತ್ತಿದರೆ ಒಂದು ಸಲ ನಿಂತು ಉಸಿರು ತೆಗೆಯಬೇಕು. ಲಾರಿಯ ರಸ್ತೆ ಕೆಳಗೆ ಒಂದು ಹಳ್ಳದ ಬಳಿ ಮುಗಿಯುತ್ತಿತ್ತು. ಅಲ್ಲಿಂದ ಮೇಲೆ, ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ ಬೆಟ್ಟದ ತೋಪುಗಳು ಇದ್ದವು. ಆ ತೋಪುಗಳಿಗೆ ದಿನದಿನವೂ ಗುಂಡು ಮುಟ್ಟಿಸುವುದು ನಮ್ಮ ಕೆಲಸ. ಅವು ತಿನ್ನುವ ರಭಸಕ್ಕೆ ನಾವು ಎಷ್ಟು ಹೊತ್ತರೂ ಸಾಲುತ್ತಿರಲಿಲ್ಲ.

ನಮ್ಮ ಸುಬೇದಾರರು ಮೋನಪ್ಪ ಎಂದು, ವೇಣೂರಿನವರು. ಬೆಳ್ತಂಗಡಿ ತಾಲೂಕಿನ ಮನುಷ್ಯ ಅಲ್ಲಿ ನನ್ನ ತಲೆಯ ಮೇಲೆ ಬಂದು ಕೂತದ್ದು ನನ್ನ ಅದೃಷ್ಟವೋ ಗ್ರಹಚಾರವೋ ಎಂದು ಎರಡು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಎಲ್ಲರೆದುರು ಅವರು ಸಾಹೇಬರು, ನಾನು ನಂಬರು. ಇಬ್ಬರೇ ಇದ್ದಾಗ ಮೋನಪ್ಪಣ್ಣ, ಸಂಜೀವ. ಇಡೀ ಶಿಬಿರದಲ್ಲಿ ತುಳು ಬರುತ್ತಿದ್ದದ್ದು ನಮಗಿಬ್ಬರಿಗೇ. ಹಾಗಾಗಿ ಬೈಯಲಿಕ್ಕೆ ಅವರಿಗೆ ಬಹಳ ಅನುಕೂಲವಿತ್ತು. ನಾವು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆಯುತ್ತೇನೆ.

ಬೊಳ್ಳಿ ನನ್ನ ಹೇಸರಗತ್ತೆ. ಸೈನ್ಯದ ಲೆಕ್ಕದಲ್ಲಿ ಅವಳು ಗೊರಸಿನ ಮೇಲೆ ಸುಟ್ಟ ಒಂದು ನಂಬರು. ಬೂದು ಮೈಗೆ ಬಿಸಿಲು ಬಿದ್ದರೆ ಹೊಳೆಯುತ್ತಿದ್ದಳು, ಅದಕ್ಕೆ ನಾನು ಬೆಳ್ಳಿಗೆ ತುಳುವಿನಲ್ಲಿ ಹೇಳುವ ಬೊಳ್ಳಿ ಎಂಬ ಹೆಸರಿಟ್ಟೆ. ಉಳಿದವು ಹಳ್ಳ ದಾಟುವಾಗ ಹಿಂಜರಿಯುತ್ತಿದ್ದವು. ಇವಳು ನೀರಿಗೆ ಮೂಗು ತಾಗಿಸಿ, ಒಂದು ಕಾಲು ಇಟ್ಟು ನೋಡಿ, ಆಮೇಲೆ ನಿಲ್ಲದೆ ದಾಟುತ್ತಿದ್ದಳು. ಎರಡು ವರ್ಷದಲ್ಲಿ ಒಂದು ಸಲವೂ ಅವಳ ಹೇರು ಜಾರಿದ್ದಿಲ್ಲ. ಅವಳ ಮೇಲೆ ನನಗೆ ತಂಗಿಯ ಮೇಲಿದ್ದಷ್ಟು ಪ್ರೀತಿ ಇತ್ತು, ಮತ್ತು ತಂಗಿಯ ಮೇಲಿದ್ದುದಕ್ಕಿಂತ ಹೆಚ್ಚು ನಂಬಿಕೆ.

ಹೇರುವುದು ಒಂದು ವಿದ್ಯೆ. ಒಂದು ಪಕ್ಕಕ್ಕೆ ತೋಪಿನ ಎರಡು ಶೆಲ್ಲು, ಇನ್ನೊಂದು ಪಕ್ಕಕ್ಕೆ ಎರಡು. ಎರಡೂ ಕಡೆ ಒಬ್ಬೊಬ್ಬ ನಿಂತು ಒಂದೇ ಉಸಿರಿಗೆ ಎತ್ತಿ ಕೊಕ್ಕೆಗೆ ಹಾಕಬೇಕು. ಒಬ್ಬ ತಡಮಾಡಿದರೆ ಜೀನು ವಾಲುತ್ತದೆ, ವಾಲಿದ ಜೀನು ಒಂದು ಮೈಲಿಯೊಳಗೆ ಬೆನ್ನಿನ ಚರ್ಮ ಕೀಳುತ್ತದೆ. ಶೆಲ್ಲಿನ ಜೊತೆಗೆ ಹೋಗಬೇಕಾದ ಇನ್ನೊಂದು ವಸ್ತು ಫ್ಯೂಸು. ಶೆಲ್ಲಿನ ಮೂತಿಗೆ ತೋಪಿನ ಬಳಿಯೇ ತಿರುಗಿಸಿ ಹಾಕುವ ಚಿಕ್ಕ ಯಂತ್ರ ಅದು. ಅದಿಲ್ಲದಿದ್ದರೆ ಶೆಲ್ಲು ಹೋಗಿ ಬೀಳುತ್ತದೆ, ಸಿಡಿಯುವುದಿಲ್ಲ. ಬೇರೆಯೇ ಪೆಟ್ಟಿಗೆಯಲ್ಲಿ, ಹತ್ತಿಯಲ್ಲಿಟ್ಟ ಕೋಳಿಮೊಟ್ಟೆಯ ಹಾಗೆ ಜೋಪಾನವಾಗಿ ಅದನ್ನು ಕಳಿಸುತ್ತಿದ್ದರು. ಈ ಪೆಟ್ಟಿಗೆಗಳನ್ನು ಯಾವತ್ತೂ ಒಂದೇ ಪ್ರಾಣಿಯ ಮೇಲೆ ಹೇರಬಾರದು, ಸಾಲಿನ ಉದ್ದಕ್ಕೂ ಹಂಚಬೇಕು ಎಂಬುದು ನಿಯಮ. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನೇ ನಾನು.

ಆ ವಾರ ನಮ್ಮ ಗ್ರಹಗತಿ ಸರಿ ಇರಲಿಲ್ಲ. ಎರಡು ಹೇಸರಗತ್ತೆಗಳು ಹಳ್ಳದಲ್ಲಿ ಹೇರು ಚೆಲ್ಲಿ, ಒಂದು ಪೆಟ್ಟಿಗೆ ಫ್ಯೂಸು ನೀರುಪಾಲಾಗಿತ್ತು. ಮೇಲಿನ ತೋಪಿನವರು ನಮ್ಮ ಮುಖ ಕಂಡರೆ ಮೂತಿ ತಿರುಗಿಸುತ್ತಿದ್ದರು. ಸಾಮಾನ್ಯವಾಗಿ ನಾವು ಕತ್ತಲಾದ ಮೇಲೆ ನಡೆಯುವವರು, ಎದುರಿನ ಶಿಖರದಲ್ಲಿದ್ದ ಶತ್ರುಗಳಿಗೆ ನಮ್ಮ ದಾರಿ ಕಾಣುತ್ತದೆ ಎಂದು. ಅವತ್ತು ಮಾತ್ರ ಬೆಳಗ್ಗೆಯಿಂದಲೇ ಮೋಡ ಇಳಿದು ಕೂತಿತ್ತು, ಮೇಲೆ ಫ್ಯೂಸು ಪೂರ್ತಿ ಮುಗಿದಿತ್ತು. ಸಂಜೆ ಐದಕ್ಕೆ ತೋಪು ಶುರುವಾಗಬೇಕು, ಅದರ ಹಿಂದೆಯೇ ಕಾಲಾಳುಗಳು ಎದುರಿನ ಬೆಟ್ಟದ ಏರಿಯನ್ನು ಹತ್ತಿ ಹಿಡಿಯಬೇಕು. ಹಾಗಾಗಿ ಮಧ್ಯಾಹ್ನ ಮೋಡದ ಮರೆಯಲ್ಲೇ ಹೊರಡಿ ಎಂದು ಹುಕುಂ ಬಂತು.

ಹತ್ತಬೇಕಾಗಿದ್ದ ಕಾಲಾಳುಗಳು ಬೆಳಗ್ಗೆ ನಮ್ಮ ಶಿಬಿರದ ಮೂಲಕವೇ ಹೋದರು. ಚಾ ಕುಡಿಯಲು ಸ್ವಲ್ಪ ಹೊತ್ತು ನಿಂತಿದ್ದರು. ಅವರಲ್ಲಿ ಎತ್ತರದ ಒಬ್ಬ ಲಾನ್ಸ್ ನಾಯಕ್ ಜೇಬಿನಿಂದ ಶಂಕರಪೋಳಿ ತೆಗೆದು ಅರ್ಧ ತಾನು ತಿಂದು, ಅರ್ಧ ಬೊಳ್ಳಿಗೆ ತಿನ್ನಿಸಿದ. ನಾವು ಹತ್ತುವ ಮೊದಲು ನಿನ್ನ ಈ ರಾಣಿ ಮೇಲೆ ತಲಪುತ್ತಾಳಾ ಎಂದು ಹಿಂದಿಯಲ್ಲಿ ಕೇಳಿದ. ನಿನ್ನ ಗಡಿಯಾರ ತಪ್ಪಬಹುದು, ಇವಳು ತಪ್ಪುವುದಿಲ್ಲ ಎಂದೆ. ಅವನು ನಕ್ಕು ಅವಳ ಕುತ್ತಿಗೆ ತಟ್ಟಿ ಹೋದ.

ಮಧ್ಯಾಹ್ನ ಹೇರುವಾಗ ನಾಲ್ಕು ಪೆಟ್ಟಿಗೆ ಫ್ಯೂಸು ನನ್ನ ಮುಂದೆ ಬಂದವು. ನಾಲ್ಕು ಹೇಸರಗತ್ತೆಗಳಿಗೆ ಹಂಚಬೇಕು. ಸಾಲನ್ನು ಒಮ್ಮೆ ನೋಡಿದೆ. ಇದು ಮೊನ್ನೆ ಜಾರಿದ್ದು, ಅದು ನೀರಿಗೆ ಹೆದರುವುದು, ಮತ್ತೊಂದರ ಕಾಲು ಊದಿದೆ. ಎರಡು ಪೆಟ್ಟಿಗೆ ಎಡಕ್ಕೆ, ಎರಡು ಬಲಕ್ಕೆ, ನಾಲ್ಕನ್ನೂ ಬೊಳ್ಳಿಯ ಮೇಲೆ ಕಟ್ಟಿದೆ. ಯಾಕೆಂದು ಆಗ ಯಾರಾದರೂ ಕೇಳಿದ್ದರೆ, ಬೊಳ್ಳಿ ಜಾರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಮೋನಪ್ಪಣ್ಣ ಸಾಲನ್ನು ತಪಾಸು ಮಾಡುತ್ತಾ ಬಂದು, ಬೊಳ್ಳಿಯ ಹಗ್ಗದ ಗಂಟು ಎಳೆದು ನೋಡಿ ಮುಂದೆ ಹೋದರು.

ಬೊಳ್ಳಿ ಜಾರಲಿಲ್ಲ. ಇದನ್ನು ಇವತ್ತಿಗೂ ನಾನು ಎದೆ ತಟ್ಟಿ ಹೇಳುತ್ತೇನೆ. ಮೂರೂವರೆಯ ಹೊತ್ತಿಗೆ ನಾವು ಒಂದು ತಿರುವಿಗೆ ಬಂದೆವು. ಅಲ್ಲಿ ದಾರಿ ಎರಡು ಮೊಳ ಅಗಲ, ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಇಳಿಜಾರು. ನಮ್ಮ ಸಾಲು ಅರ್ಧ ದಾಟಿತ್ತು. ಅಷ್ಟರಲ್ಲಿ ಗಾಳಿ ಬೀಸಿ ಮೋಡ ಎದ್ದಿತು, ಎದುರಿನ ಶಿಖರ ಪೂರ್ತಿ ಕಂಡಿತು. ನಮಗೆ ಅದು ಕಂಡಿತೆಂದರೆ ಅಲ್ಲಿದ್ದವರಿಗೆ ನಾವೂ ಕಂಡೆವು. ಅವರ ಮೊದಲ ಶೆಲ್ಲು ಮೇಲೆಲ್ಲೋ ಬಿತ್ತು. ಎರಡನೆಯದು ದಾರಿಯ ಅಂಚಿನಲ್ಲೇ ಬಿತ್ತು. ಕಿವಿ ಗುಂಯ್ ಎನ್ನುತ್ತಾ ನಾನು ಎದ್ದಾಗ ಕೈಯಲ್ಲಿ ತುಂಡಾದ ಹಗ್ಗ ಇತ್ತು, ಬೊಳ್ಳಿ ಇರಲಿಲ್ಲ.

ಒಂದು ಪ್ರಾಣಿ ಬಿದ್ದರೆ ಸಾಲು ನಿಲ್ಲಬಾರದು. ಮೋನಪ್ಪಣ್ಣ ಮುಂದಿನಿಂದ ಕೂಗುತ್ತಾ ಎಲ್ಲರನ್ನೂ ತಿರುವಿನಿಂದ ಆಚೆ ಓಡಿಸಿದರು. ಶೆಲ್ಲು ಹೊತ್ತ ಹೇಸರಗತ್ತೆಗಳೆಲ್ಲ ಕ್ಷೇಮವಾಗಿ ದಾಟಿದವು. ಆಗ ನನ್ನ ತಲೆಗೆ ಹೊಳೆಯಿತು: ಇಷ್ಟು ಶೆಲ್ಲು ಮೇಲೆ ಹೋಗಿ ಮಾಡುವುದೇನು? ಅವುಗಳಿಗೆ ಜೀವ ಕೊಡುವ ಪ್ರತಿಯೊಂದು ಫ್ಯೂಸೂ ಕೆಳಗೆ ಬಿದ್ದಿತ್ತು, ಒಂದೇ ಕಡೆ, ನನ್ನ ಕೈಯಿಂದಲೇ. ಏರಿಯ ಬುಡದಲ್ಲಿ ಐದು ಗಂಟೆ ಆಗುವುದನ್ನು ಕಾಯುತ್ತಾ ಆ ಶಂಕರಪೋಳಿಯವನು ಕೂತಿರುತ್ತಾನೆ. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ.

ನಾನು ಕೂತುಕೊಂಡೇ ಇಳಿಜಾರಿನಲ್ಲಿ ಜಾರಿದೆ. ಎರಡು ತೆಂಗಿನ ಮರದಷ್ಟು ಕೆಳಗೆ ಒಂದು ಬಂಡೆ ಅವಳನ್ನು ತಡೆದಿತ್ತು. ಪೆಟ್ಟಿಗೆಗಳು ಜೀನಿಗೇ ಕಚ್ಚಿಕೊಂಡಿದ್ದವು, ಒಂದು ಗಂಟೂ ಬಿಚ್ಚಿರಲಿಲ್ಲ. ಬೊಳ್ಳಿಗೆ ಜೀವ ಇತ್ತು. ಹಿಂಗಾಲು ಎರಡೂ ಮುರಿದಿದ್ದವು, ಹೊಟ್ಟೆಗೆ ಶೆಲ್ಲಿನ ಚೂರು ಹೊಕ್ಕಿತ್ತು. ನನ್ನ ದನಿ ಕೇಳಿ ಕಿವಿ ತಿರುಗಿಸಿದಳು. ಹಗ್ಗ ಕೊಯ್ದು ನಾಲ್ಕೂ ಪೆಟ್ಟಿಗೆ ಎಳೆದೆ. ಹೇರು ಇಳಿಸಿದಾಗ ದಿನವೂ ಮಾಡುವ ಹಾಗೆ ಒಂದು ನಿಟ್ಟುಸಿರು ಬಿಟ್ಟಳು. ಅಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಏನು ಮಾಡಬೇಕೆಂದು ನಮಗೆ ಕಲಿಸಿದ್ದರು. ಕಲಿತದ್ದನ್ನು ಮಾಡಿದೆ. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಪೆಟ್ಟಿಗೆಗಳನ್ನು ಒಂದೊಂದಾಗಿ ದಾರಿಗೆ ಎಳೆದು ತಂದಾಗ ಗಂಟೆ ನಾಲ್ಕೂಕಾಲು ದಾಟಿತ್ತು. ತೋಪಿನ ಜಾಗ ಇನ್ನೂ ಸುಮಾರು ಅರ್ಧ ಮೈಲಿ ಮೇಲೆ. ಬೆನ್ನಿಗೆ ಕಟ್ಟಿಕೊಂಡರೆ ಆ ಕಿರಿದಾದ ದಾರಿಯಲ್ಲಿ ಪೆಟ್ಟಿಗೆ ಬಂಡೆಗೆ ತಾಗಿ ನನ್ನನ್ನು ಹೊರಕ್ಕೆ ನೂಕುತ್ತದೆ. ಎದೆಗೆ ಅಪ್ಪಿಕೊಂಡರೆ ಕಾಲು ಇಡುವ ಜಾಗ ಕಾಣುವುದಿಲ್ಲ. ಆಗ ಅಮ್ಮ ನೆನಪಾದಳು. ಗುಡ್ಡೆಯಿಂದ ಸೊಪ್ಪಿನ ಹೊರೆಯನ್ನು ತಲೆಯ ಮೇಲಿಟ್ಟು, ಗದ್ದೆಯ ಹುಣಿಯ ಮೇಲೆ, ಆ ಕಿರಿದಾದ ಬದುವಿನಲ್ಲಿ, ಎರಡು ಕೈಯನ್ನೂ ಬೀಸಿಕೊಂಡು ಬರುತ್ತಿದ್ದವಳು. ಹೆಲ್ಮೆಟ್ ತೆಗೆದು ದಾರಿಬದಿಗೆ ಇಟ್ಟೆ. ಕುತ್ತಿಗೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಸಿಂಬೆ ಮಾಡಿ ತಲೆಗೆ ಇಟ್ಟುಕೊಂಡೆ. ಎರಡು ಪೆಟ್ಟಿಗೆಯನ್ನು ಒಂದರ ಮೇಲೊಂದು ಕಟ್ಟಿ, ಸೊಂಟದೆತ್ತರದ ಬಂಡೆಗೆ ಏರಿಸಿ, ಕುಕ್ಕರುಗಾಲಿನಲ್ಲಿ ಅದರ ಕೆಳಗೆ ತಲೆ ಕೊಟ್ಟು ಎದ್ದೆ.

ಇನ್ನೂರು ಹೆಜ್ಜೆ ಹೋಗಿ ಆ ಜೋಡಿಯನ್ನು ಒಂದು ಬಂಡೆಯ ಮೇಲೆ ಇಳಿಸುವುದು, ಹಿಂದೆ ಬಂದು ಇನ್ನೊಂದು ಜೋಡಿಯನ್ನು ಹೊತ್ತು ಅಲ್ಲಿಗೆ ತರುವುದು, ಮತ್ತೆ ಮೊದಲಿನದು. ಹೀಗೆ ಒಂದೇ ದಾರಿಯನ್ನು ಮೂರು ಮೂರು ಸಲ ನಡೆದೆ. ಮೋಡ ಮತ್ತೆ ಇಳಿದದ್ದು ನನ್ನ ಪುಣ್ಯ. ಉಸಿರು ಎದೆಗೆ ಇಳಿಯದೆ ಗಂಟಲಲ್ಲೇ ತಿರುಗುತ್ತಿತ್ತು. ಮೂಗಿನಿಂದ ರಕ್ತ ಬಂದು ಮೀಸೆಯ ಮೇಲೆ ಹೆಪ್ಪುಗಟ್ಟಿತು. ಆದರೆ ಕುತ್ತಿಗೆ ಒಂದು ಸಲವೂ ಅಲುಗಲಿಲ್ಲ. ಆ ಹೊರೆಗೆ ನನ್ನ ಕುತ್ತಿಗೆ ಬೆಳುವಾಯಿಯಲ್ಲೇ ತಯಾರಾಗಿತ್ತು.

ಐದು ಗಂಟೆಗೆ ನಾನು ಇನ್ನೂ ದಾರಿಯಲ್ಲಿದ್ದೆ. ಮೇಲಿನಿಂದ ಸದ್ದಿಲ್ಲ. ಆ ಸದ್ದಿಲ್ಲದ ತೋಪುಗಳಷ್ಟು ಕೆಟ್ಟದಾಗಿ ಯಾವುದೂ ನನ್ನನ್ನು ಬೈದದ್ದಿಲ್ಲ. ಕೊನೆಯ ಏರಿನಲ್ಲಿ ಒಂದು ಜೋಡಿಯನ್ನು ಕೆಳಗೇ ಬಿಟ್ಟು ಇನ್ನೊಂದನ್ನು ಹೊತ್ತು ನಿಲ್ಲದೆ ಹತ್ತಿದೆ. ಶೆಲ್ಲುಗಳನ್ನು ಒಟ್ಟಿ ಇಟ್ಟಿದ್ದರು. ಅದರ ಪಕ್ಕದಲ್ಲಿ ತೋಪಿನವರು ಕೈ ಕಟ್ಟಿ ನಿಂತಿದ್ದರು. ನಮ್ಮೂರಿನಲ್ಲಾದರೆ ತಲೆಹೊರೆಯವನು ಬಂದ ಕೂಡಲೇ ಒಬ್ಬ ಎದುರು ಬಂದು ಹೊರೆ ಇಳಿಸುತ್ತಾನೆ. ಅಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ, ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ತಲೆಯ ಮೇಲೆ ಎರಡು ಪೆಟ್ಟಿಗೆ ಇಟ್ಟುಕೊಂಡು ನಾನು ಅವರನ್ನು ನೋಡುತ್ತಾ, ಅವರು ನನ್ನನ್ನು ನೋಡುತ್ತಾ ಒಂದು ಕ್ಷಣ ನಿಂತೆವು. ಕೊನೆಗೆ ಮೋನಪ್ಪಣ್ಣ ಓಡಿ ಬಂದು ಎರಡೂ ಕೈ ಕೊಟ್ಟು ಇಳಿಸಿದರು. ಉಳಿದ ಜೋಡಿಗೆ ಇಬ್ಬರನ್ನು ಓಡಿಸಿ, ನನ್ನ ಕಡೆ ತಿರುಗಿ ಹೆಲ್ಮೆಟ್ ಎಲ್ಲಿ ಎಂದು ಬೈದರು. ಐದೂ ಇಪ್ಪತ್ತಕ್ಕೆ ಮೊದಲ ತೋಪು ಹಾರಿತು.

ಕಾಲಾಳುಗಳು ಮರುದಿನ ಬೆಳಗ್ಗೆಯ ಹೊತ್ತಿಗೆ ಏರಿಯನ್ನು ಹಿಡಿದರು. ತೋಪು ಹಾರದ ಆ ಇಪ್ಪತ್ತು ನಿಮಿಷ ಅವರು ಬಂಡೆಗಳ ಹಿಂದೆ ಕಾದಿದ್ದರು, ಕಾಯುವಾಗ ಯಾರಿಗೂ ಏನೂ ಆಗಲಿಲ್ಲ. ನಮ್ಮ ಮೇಜರ್ ಸಾಹೇಬರು ಬಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಪದಕಕ್ಕೆ ನನ್ನ ಹೆಸರು ಕಳಿಸುತ್ತೇನೆ ಎಂದರು. ನಾನು ಅಟೆನ್ಶನ್‌ನಲ್ಲಿ ನಿಂತು ಸೆಲ್ಯೂಟ್ ಹೊಡೆದೆ. ಊರಿನಲ್ಲಿ ಅಪ್ಪ ಆ ಪದಕವನ್ನು ಅಂಗಡಿ ಅಂಗಡಿಗೆ ಕೊಂಡುಹೋಗಿ ತೋರಿಸುವುದು ಕಣ್ಣಿಗೆ ಕಟ್ಟಿತು. ಅದು ನನಗೆ ಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬಿಟ್ಟು ಆ ಎತ್ತರದ ಲಾನ್ಸ್ ನಾಯಕ್ ಕೈಗೆ ಪಟ್ಟಿ ಕಟ್ಟಿಕೊಂಡು ಇಳಿದು ಬಂದ. ನನ್ನನ್ನು ಹುಡುಕಿಕೊಂಡೇ ಬಂದಿದ್ದ. ಜೇಬಿನಲ್ಲಿ ಶಂಕರಪೋಳಿ ಇತ್ತು. ರಾಣಿ ಎಲ್ಲಿ ಎಂದು ಕೇಳಿದ. ನಾನು ಹೇಳಿದೆ. ಅವಳು ನಮಗೋಸ್ಕರ ಹೋದಳು ಎಂದು ಹೇಳಿ ಅವನು ನನ್ನ ಕೈ ಹಿಡಿದು ಅತ್ತ. ಆ ಕೈಯನ್ನು ಬಿಡಿಸಿಕೊಂಡು ನಾನು ನೇರ ಮೋನಪ್ಪಣ್ಣನ ಟೆಂಟಿಗೆ ಹೋದೆ.

ಅವರು ಸ್ಟವ್ವಿನ ಮೇಲೆ ಗಂಜಿ ಕಾಯಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಹಂಚಿ ಹೇರಿದ್ದರೆ ಮೂರು ಪೆಟ್ಟಿಗೆ ಐದು ಗಂಟೆಗೆ ಮುಂಚೆ ತೋಪಿನ ಬಳಿ ಇರುತ್ತಿದ್ದವು. ನಾನು ಹೊತ್ತದ್ದು ನನ್ನದೇ ತಪ್ಪನ್ನು. ಆ ಪದಕ ನನಗೆ ಬೇಡ.

ಅವರು ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ನಿನಗೆ ಮಾತ್ರ ಗೊತ್ತುಂಟು ಅಂತ ಎಣಿಸಿದೆಯಾ? ಹಗ್ಗದ ಗಂಟು ಎಳೆದು ನೋಡಿದವ ನಾನಲ್ಲವಾ? ನಾಲ್ಕು ಪೆಟ್ಟಿಗೆ ಕಣ್ಣಿಗೆ ಕಾಣದೆ ಹೋಗ್ತದಾ?"

ಮತ್ತೆ ಯಾಕೆ ಏನೂ ಹೇಳಲಿಲ್ಲ ಎಂದು ಕೇಳಿದೆ.

"ನನಗೂ ಸರಿ ಕಂಡಿತು ಮಾರಾಯ. ಎರಡು ದಿನದಿಂದ ಅದನ್ನೇ ಆಲೋಚನೆ ಮಾಡ್ತಾ ಇದ್ದೇನೆ. ನಮ್ಮಲ್ಲಿ ಭೂತ ಕೋಲದ ದಿನ ದೈವದ ಒಡವೆ-ಆಯುಧದ ಭಂಡಾರ ಬರುವಾಗ ಹೇಗೆ? ಖಡ್ಗ ಒಬ್ಬನಿಗೆ, ಬೆಳ್ಳಿ ಒಬ್ಬನಿಗೆ ಅಂತ ಸಿಕ್ಕಿದವರಿಗೆಲ್ಲ ಹಂಚುವ ಕ್ರಮ ಉಂಟಾ? ಎಲ್ಲರಿಗಿಂತ ಶುದ್ಧದ ಒಬ್ಬನ ತಲೆಗೆ ಪೂರಾ ಪೆಟ್ಟಿಗೆ. ನೀನು ಬೊಳ್ಳಿಯ ಮೇಲೆ ನಾಲ್ಕನ್ನೂ ಕಟ್ಟಿದಾಗ ನನ್ನ ಮನಸ್ಸಿಗೆ ಸಮಾಧಾನ ಆಯ್ತು. ಬೇರೆ ಊರಿನ ಸುಬೇದಾರ ಆಗಿದ್ದರೆ ಅಲ್ಲೇ ನಿನ್ನ ಕೆನ್ನೆಗೆ ಕೊಡ್ತಿದ್ದ."

ಗಂಜಿ ಇಳಿಸಿ, ಟೋಪಿ ಹಾಕಿಕೊಂಡು ಎದ್ದರು.

"ಬಾ. ಇಬ್ಬರೂ ಹೋಗುವ. ಒಬ್ಬನೇ ಹೊರುವುದು ಸಾಕು."

ಮೇಜರ್ ಸಾಹೇಬರು ಕೂತು ಕೇಳಿದರು. ದೈವದ ಭಂಡಾರವನ್ನು ಹಿಂದಿಯಲ್ಲಿ ವಿವರಿಸಲು ಮೋನಪ್ಪಣ್ಣ ಹೋಗಲಿಲ್ಲ. ತಪ್ಪು ಇಬ್ಬರದು ಎಂದಷ್ಟೇ ಹೇಳಿದರು. ಸಾಹೇಬರು ನನ್ನ ಹೆಸರು ಬರೆದಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು, ನಾವು ಸೆಲ್ಯೂಟ್ ಹೊಡೆದು ಹೊರಗೆ ಬಂದೆವು. ಆ ಹಾಳೆ ಮತ್ತೆ ಹೊರಗೆ ಬರಲಿಲ್ಲ. ನನಗೆ ಶಿಕ್ಷೆಯೂ ಆಗಲಿಲ್ಲ. ಹೊರಗೆ ಬಂದ ಮೇಲೆ ಮೋನಪ್ಪಣ್ಣ ಹೇಳಿದ್ದು ಒಂದೇ ಮಾತು.

"ನಾಳೆ ಫ್ಯೂಸು ನೀನೇ ಹೇರ್ತೀ."

ಮರುದಿನ ಮತ್ತೆ ನಾಲ್ಕು ಪೆಟ್ಟಿಗೆ. ಮೂರಕ್ಕೆ ಮೂರು ಒಳ್ಳೆಯ ಹೇಸರಗತ್ತೆಗಳು ಸಿಕ್ಕಿದವು. ನಾಲ್ಕನೆಯದಕ್ಕೆ ಉಳಿದದ್ದು ಒಂದು ಕಪ್ಪು ಗಂಡು. ಕಚ್ಚುತ್ತದೆ, ಒದೆಯುತ್ತದೆ ಎಂದು ಮೇವಿನ ಮೂಟೆ ಬಿಟ್ಟು ಬೇರೇನನ್ನೂ ಅದರ ಮೇಲೆ ಹೇರುತ್ತಿರಲಿಲ್ಲ. ಅದರ ಒಂದು ಪಕ್ಕಕ್ಕೆ ಫ್ಯೂಸಿನ ಪೆಟ್ಟಿಗೆ, ಇನ್ನೊಂದು ಪಕ್ಕಕ್ಕೆ ಅಷ್ಟೇ ತೂಕದ ಮೇವು ಕಟ್ಟಿ, ಹಗ್ಗ ನಾನೇ ಹಿಡಿದೆ. ಕಟ್ಟುವಾಗ ನನ್ನ ತೋಳನ್ನು ಒಂದು ಸಲ ಕಚ್ಚಿಯೂ ಆಯಿತು. ಕತ್ತಲಾಗುವ ಹೊತ್ತಿಗೆ ಆ ತಿರುವಿಗೆ ಬಂದೆವು. ಅದು ನಿಂತಿತು. ನಾನು ಎಳೆಯಲಿಲ್ಲ. ಕೆಳಗೆ ನೋಡುವ ಧೈರ್ಯ ನನಗಿರಲಿಲ್ಲ, ಅದು ಕಿವಿ ಮುಂದೆ ಮಾಡಿ ಕೆಳಗೆ ನೋಡಿತು. ಆಮೇಲೆ ತಾನಾಗಿಯೇ ಹೆಜ್ಜೆ ಇಟ್ಟಿತು. ಅದರ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡು, ಬೊಳ್ಳಿ ಸತ್ತ ಮೇಲೆ ಮೊದಲ ಸಲ ಅಳುತ್ತಾ ನಾನು ಅದರ ಜೊತೆಗೆ ಹತ್ತಿದೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ನಾಲ್ಕೂ ಪೆಟ್ಟಿಗೆ ತೋಪಿನ ಬಳಿ ಇದ್ದವು.